ಹಣ್ಣುನೊಣದ ಭ್ರೂಣಕ್ಕೆ ತಲೆ-ಬಾಲ, ಬೆನ್ನು-ಹೊಟ್ಟೆ ಗೊತ್ತಾಗುವುದು ಹೇಗೆ?

ಪ್ರಶ್ನೆ: ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಹಣ್ಣುನೊಣ ಡ್ರೊಸೊಫಿಲಾದ ಭ್ರೂಣದ ದೇಹಾಕ್ಷ (ತಲೆ-ಬಾಲ, ಬೆನ್ನು-ಹೊಟ್ಟೆಯ ದಿಕ್ಕು) ಎಂದರೆ ಪಠ್ಯಗಳೆಲ್ಲ ಬೈಕಾಯ್ಡ್ ಪ್ರೋಟೀನಿನಿಂದಲೇ ಶುರುಮಾಡುತ್ತವೆ. ಆದರೆ ಬೈಕಾಯ್ಡ್ ಹರಡುವ ಹೊತ್ತಿಗೆ ಭ್ರೂಣದಲ್ಲಿ ಬೇರೆ ಬೇರೆ ಕೋಶಗಳೇ ಇರುವುದಿಲ್ಲ. ಹಾಗಿದ್ದರೆ ಇಲ್ಲಿ ಕೋಶಗಳ ನಡುವಿನ ಸಂಕೇತಕ್ಕೆ ಏನು ಕೆಲಸ? ಇನ್ನೊಂದು ಸಂದೇಹ: ಪ್ರಾಯೋಗಿಕ ತರಗತಿಯಲ್ಲಿ ಬೈಕಾಯ್ಡ್ ಮತ್ತು ಡಾರ್ಸಲ್ ಮ್ಯುಟೆಂಟ್ ಸ್ಟಾಕ್‌ಗಳ ಗಂಡು-ಹೆಣ್ಣು ಕೂಡಿಸಿ, ಮೊಟ್ಟೆ ತೆಗೆದು, ಭ್ರೂಣದ ಹೊರಪದರದ, ಅಂದರೆ ಕ್ಯೂಟಿಕಲಿನ ಸ್ಲೈಡ್ ಮಾಡಿದೆವು. ಪುಸ್ತಕದ ಚಿತ್ರದಲ್ಲಿರುವಂಥದ್ದು ಒಂದೂ ಕಾಣಲಿಲ್ಲ. ಎಲ್ಲಿ ತಪ್ಪಿತು?

ಉತ್ತರ: ನಿಮ್ಮ ಮೊದಲ ಸಂದೇಹ ನ್ಯಾಯವಾದದ್ದು. ಬೈಕಾಯ್ಡ್ ಕೋಶದಿಂದ ಕೋಶಕ್ಕೆ ಹೋಗುವ ಸಂಕೇತವಲ್ಲ, ಅದು ಜೀನುಗಳನ್ನು ನೇರವಾಗಿ ಚಾಲೂ ಮಾಡುವ ಪ್ರೋಟೀನು. ಫಲಿತ ಮೊಟ್ಟೆಯಲ್ಲಿ ನ್ಯೂಕ್ಲಿಯಸ್ 13 ಸಲ ವಿಭಜನೆಯಾದರೂ ನಡುವೆ ಗೋಡೆ ಏಳುವುದಿಲ್ಲ. ಸುಮಾರು 6000 ನ್ಯೂಕ್ಲಿಯಸ್‌ಗಳು ಒಂದೇ ಚೀಲದಲ್ಲಿರುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚುಕಡಿಮೆ ಮೂರು ಗಂಟೆಯ ಹೊತ್ತಿಗೆ ಇವಕ್ಕೆ ಪ್ರತ್ಯೇಕ ಪೊರೆ ಬರುತ್ತದೆ. ಅಷ್ಟರೊಳಗೆ ಮುಂದಿನ ತುದಿಯ ಬೈಕಾಯ್ಡ್ ಆರ್‌ಎನ್‌ಎಯಿಂದ ತಯಾರಾದ ಪ್ರೋಟೀನು ಹಿಂದಕ್ಕೆ ಹರಡಿ ಇಳಿಜಾರಿನಂತೆ ನಿಂತಿರುತ್ತದೆ. ಅರ್ಧ ಮಿಲಿಮೀಟರ್ ಉದ್ದದ ಮೊಟ್ಟೆಯಲ್ಲಿ ಪ್ರತಿ 100 ಮೈಕ್ರೋಮೀಟರಿಗೆ ಅದರ ಸಾಂದ್ರತೆ ಮೂರನೇ ಒಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ. 1988ರಲ್ಲಿ ವೋಲ್ಫ್‌ಗಾಂಗ್ ಡ್ರೀವರ್ ಮತ್ತು ಕ್ರಿಸ್ಟಿಯಾನೆ ನ್ಯುಸ್ಲೈನ್-ಫೋಲ್‌ಹಾರ್ಡ್ ಈ ಇಳಿಜಾರನ್ನು ತೋರಿಸಿದರು. ತಾಯಿಯಲ್ಲಿ ಬೈಕಾಯ್ಡ್ ಜೀನಿನ ಪ್ರತಿಗಳನ್ನು ಹೆಚ್ಚಿಸಿದರೆ ತಲೆಯ ಗಡಿ ಹಿಂದಕ್ಕೆ ಸರಿಯುತ್ತದೆ, ಕಡಿಮೆ ಮಾಡಿದರೆ ಮುಂದಕ್ಕೆ.

ಇಲ್ಲಿಯವರೆಗೆ ಪಠ್ಯ ಸರಿ. ಅದು ಬಿಟ್ಟುಬಿಡುವ ಪ್ರಶ್ನೆ ಬೇರೆ: ಆ ಆರ್‌ಎನ್‌ಎಯನ್ನು ಮುಂದಿನ ತುದಿಯಲ್ಲಿ ಇಟ್ಟವರು ಯಾರು? ಮೊಟ್ಟೆಗೆ 'ಮುಂದು' ಯಾವುದೆಂದು ಮೊದಲೇ ತಿಳಿದಿರಬೇಕಲ್ಲ. ಅದು ತಿಳಿಯುವುದು ತಾಯಿಯ ಅಂಡಾಶಯದಲ್ಲಿ, ಮೊಟ್ಟೆ ಫಲಿತವಾಗುವುದಕ್ಕೆ ಬಹಳ ಮುಂಚೆ, ಅಪ್ಪಟ ಕೋಶಸಂಕೇತದ ಮೂಲಕ. ನೊಣದ ದೇಹಾಕ್ಷದ ಕಥೆಯನ್ನು ಬೈಕಾಯ್ಡ್‌ನಿಂದ ಹೇಳುವುದೆಂದರೆ ಮಧ್ಯದಿಂದ ಶುರುಮಾಡಿದಂತೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂಡಾಶಯದ ಒಂದೊಂದು ಅಂಡಕೋಷ್ಠದಲ್ಲಿ 16 ಸೋದರ ಕೋಶಗಳಿರುತ್ತವೆ. ಒಂದು ಅಂಡಾಣುವಾಗುತ್ತದೆ, ಉಳಿದ 15 ಅದಕ್ಕೆ ಆರ್‌ಎನ್‌ಎ, ಪ್ರೋಟೀನು ತುಂಬಿಕೊಡುವ ಪೋಷಕ ಕೋಶಗಳು. ಇವನ್ನೆಲ್ಲ ಸುತ್ತುವರಿದು ತಾಯಿಯ ದೇಹಕೋಶಗಳ ಒಂದು ಪದರ, ಅಂದರೆ ಫಾಲಿಕಲ್ ಕೋಶಗಳು. ಅಂಡಾಣು ಯಾವಾಗಲೂ ಕೋಷ್ಠದ ಹಿಂಭಾಗದಲ್ಲೇ ಕೂರುತ್ತದೆ. ಅಂಡಾಣುವಿನ ಮೇಲೂ ಹಿಂದಿನ ಫಾಲಿಕಲ್ ಕೋಶಗಳ ಮೇಲೂ ಕ್ಯಾಡ್‌ಹೆರಿನ್ ಎಂಬ ಅಂಟು ಪ್ರೋಟೀನು ಜಾಸ್ತಿ ಇರುವುದರಿಂದ ಅವೆರಡು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ತಲೆ-ಬಾಲದ ಅಕ್ಷಕ್ಕೆ ಮೊದಲ ಗುರುತು ಇದೇ. ಕ್ಯಾಡ್‌ಹೆರಿನ್ ತೆಗೆದರೆ ಅಂಡಾಣು ಎಲ್ಲೆಂದರಲ್ಲಿ ಕೂರುತ್ತದೆ.

ಆಮೇಲೆ ಬರುವುದು ಗುರ್ಕೆನ್. ಇದು ಅಂಡಾಣು ಹೊರಕ್ಕೆ ಬಿಡುವ ಸಂಕೇತ ಪ್ರೋಟೀನು. ಸಸ್ತನಿಗಳ ಟಿಜಿಎಫ್-ಆಲ್ಫಾ ಎಂಬ ಸಂಕೇತ ಪ್ರೋಟೀನಿನ ಬಂಧು. ಇದನ್ನು ಹಿಡಿಯುವ ರಿಸೆಪ್ಟರ್ ಫಾಲಿಕಲ್ ಕೋಶಗಳ ಮೇಲಿರುವ ಟಾರ್ಪೀಡೊ, ಅಂದರೆ ನೊಣದ ಇಜಿಎಫ್ ರಿಸೆಪ್ಟರ್. ಮೊದಲು ಅಂಡಾಣುವಿನ ನ್ಯೂಕ್ಲಿಯಸ್ ಹಿಂಭಾಗದಲ್ಲಿರುತ್ತದೆ, ಗುರ್ಕೆನ್ ಆರ್‌ಎನ್‌ಎ ಅದರ ಜೊತೆಗೇ ಇರುತ್ತದೆ. ಹಾಗಾಗಿ ಸಂಕೇತ ತಲುಪುವುದು ಹಿಂದಿನ ಫಾಲಿಕಲ್ ಕೋಶಗಳಿಗೆ ಮಾತ್ರ. ಸಂಕೇತ ಸಿಕ್ಕ ಆ ಕೋಶಗಳು 'ನಾವು ಹಿಂದಿನವು' ಎಂಬ ಗುಣ ಪಡೆದು ಅಂಡಾಣುವಿಗೆ ತಿರುಗಿ ಒಂದು ಸಂಕೇತ ಕಳಿಸುತ್ತವೆ. ಅದರಿಂದ ಅಂಡಾಣುವಿನೊಳಗಿನ ಮೈಕ್ರೋಟ್ಯೂಬ್ಯೂಲುಗಳ (ಸಾಗಣೆಯ ಹಳಿಗಳಂಥ ಎಳೆಗಳ) ಜಾಲ ಪೂರ್ತಿ ಮರುಜೋಡಣೆಯಾಗುತ್ತದೆ. ಹೊಸ ಜಾಲದ ಮೇಲೆ ಬೈಕಾಯ್ಡ್ ಆರ್‌ಎನ್‌ಎ ಮುಂದಕ್ಕೆ ಬಂದು ನಿಲ್ಲುತ್ತದೆ. ಹಿಂಭಾಗವನ್ನು ರೂಪಿಸುವ ಆಸ್ಕರ್ ಆರ್‌ಎನ್‌ಎಯನ್ನು ಕೈನೆಸಿನ್ ಎಂಬ ಮೋಟಾರು ಪ್ರೋಟೀನು ಹಿಂದಕ್ಕೆ ಸಾಗಿಸುತ್ತದೆ. ನ್ಯೂಕ್ಲಿಯಸ್ ಕೂಡ ಹಿಂಭಾಗ ಬಿಟ್ಟು ಮುಂದಿನ ಒಂದು ಮೂಲೆಗೆ ಸರಿಯುತ್ತದೆ. ಗುರ್ಕೆನ್ ಆರ್‌ಎನ್‌ಎಯೂ ಅದರ ಹಿಂದೆಯೇ ಹೋಗುತ್ತದೆ.

ಹೀಗೆ ಅದೇ ಗುರ್ಕೆನ್ ಎರಡನೇ ಸಲ ಕೆಲಸ ಮಾಡುತ್ತದೆ. ನ್ಯೂಕ್ಲಿಯಸ್ ಯಾವ ಪಕ್ಕಕ್ಕೆ ಸರಿಯಿತೋ ಅಲ್ಲಿನ ಫಾಲಿಕಲ್ ಕೋಶಗಳಿಗೆ ಸಂಕೇತ ಸಿಗುತ್ತದೆ, ಅವು 'ಬೆನ್ನು' ಆಗುತ್ತವೆ. ಒಂದೇ ಲೈಗ್ಯಾಂಡ್ (ರಿಸೆಪ್ಟರಿಗೆ ಅಂಟುವ ಸಂಕೇತ), ಒಂದೇ ರಿಸೆಪ್ಟರ್. ಹೊತ್ತು ಮತ್ತು ಜಾಗ ಬೇರೆ, ಹಾಗಾಗಿ ಫಲವೂ ಬೇರೆ. ಎರಡೂ ಅಕ್ಷಗಳಿಗೆ ಇದೊಂದೇ ಸಂಕೇತ ಮೂಲ ಎಂಬುದನ್ನು 1995ರಲ್ಲಿ ಡೇನಿಯಲ್ ಸೇಂಟ್ ಜಾನ್‌ಸ್ಟನ್ ಮತ್ತು ಟ್ರೂಡಿ ಶ್ಯುಪ್‌ಬಾಖ್ ಅವರ ಪ್ರಯೋಗಾಲಯಗಳು ಬೇರೆ ಬೇರೆಯಾಗಿ ತೋರಿಸಿದವು. ಮೊದಲ ಹಂತ ಕೆಟ್ಟರೆ ಎರಡನೆಯದೂ ಕೆಡುವುದು ಇದರಿಂದಲೇ. ಗುರ್ಕೆನ್ ಪೂರ್ತಿ ಇಲ್ಲದ ತಾಯಿಯ ಮೊಟ್ಟೆಯಲ್ಲಿ ಹಿಂದಿನ ಫಾಲಿಕಲ್ ಕೋಶಗಳೂ ಮುಂದಿನವುಗಳಂತೆಯೇ ಬೆಳೆಯುತ್ತವೆ. ವೀರ್ಯ ಒಳಹೋಗುವ ರಂಧ್ರವಾದ ಮೈಕ್ರೋಪೈಲ್ ಸಾಮಾನ್ಯವಾಗಿ ಮುಂದಿನ ತುದಿಯಲ್ಲಿ ಮಾತ್ರ ಇರಬೇಕು. ಈ ಮೊಟ್ಟೆಗಳಲ್ಲಿ ಹಿಂದೆಯೂ ಮೈಕ್ರೋಪೈಲಿನಂಥ ರಚನೆ ಮೂಡುತ್ತದೆ, ಬೈಕಾಯ್ಡ್ ಆರ್‌ಎನ್‌ಎ ಎರಡೂ ತುದಿಗಳಲ್ಲಿ ಸಿಗುತ್ತದೆ.

ಬೆನ್ನು-ಹೊಟ್ಟೆಯ ದಾರಿ ಇನ್ನೂ ಸೊಗಸಾದದ್ದು, ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಅಲ್ಲಿದೆ. ಗುರ್ಕೆನ್ ಸಿಕ್ಕ ಬೆನ್ನಿನ ಕಡೆಯ ಫಾಲಿಕಲ್ ಕೋಶಗಳಲ್ಲಿ ಪೈಪ್ ಎಂಬ ಜೀನು ಸುಮ್ಮನಾಗುತ್ತದೆ. ಗುರ್ಕೆನ್ ತಲುಪದ ಹೊಟ್ಟೆಯ ಕಡೆ, ಸುತ್ತಳತೆಯ ಸುಮಾರು ಶೇ. 40ರಷ್ಟು ಅಗಲದಲ್ಲಿ, ಪೈಪ್ ನಡೆಯುತ್ತಿರುತ್ತದೆ. ಪೈಪ್ ಒಂದು ಸಲ್ಫೋಟ್ರಾನ್ಸ್‌ಫರೇಸ್ ಕಿಣ್ವ. ಆ ಕೋಶಗಳು ಮೊಟ್ಟೆಯ ಸುತ್ತ ನೇಯುವ ವಿಟೆಲಿನ್ ಪೊರೆಯ ಕೆಲವು ಪ್ರೋಟೀನುಗಳಿಗೆ ಅದರಿಂದ ಸಲ್ಫೇಟ್ ಗುಂಪು ಸೇರುತ್ತದೆ. ಮೊಟ್ಟೆ ಹೊರಬರುವಷ್ಟರಲ್ಲಿ ಫಾಲಿಕಲ್ ಕೋಶಗಳು ಕಳಚಿಹೋಗಿರುತ್ತವೆ. ಅಂದರೆ ಸಂಕೇತ ಕೊಟ್ಟ ಕೋಶಗಳೇ ಈಗ ಇಲ್ಲ, ಪೊರೆಯ ಮೇಲೆ ಅವು ಬಿಟ್ಟುಹೋದ ರಾಸಾಯನಿಕ ಗುರುತು ಮಾತ್ರ ಇದೆ. ಗಂಟೆಗಳ ನಂತರ ಭ್ರೂಣ ಅದನ್ನು ಓದಿಕೊಳ್ಳುತ್ತದೆ.

ಓದುವ ಜಾಗ ಭ್ರೂಣದ ಕೋಶಪೊರೆಗೂ ವಿಟೆಲಿನ್ ಪೊರೆಗೂ ನಡುವಿನ ತೆಳು ದ್ರವ. ಅಲ್ಲಿ ನಿಷ್ಕ್ರಿಯ ರೂಪದ ಪ್ರೋಟಿಯೇಸುಗಳು (ಪ್ರೋಟೀನು ಕತ್ತರಿಸುವ ಕಿಣ್ವಗಳು) ಸಾಲಾಗಿ ಕಾದಿರುತ್ತವೆ. ಗ್ಯಾಸ್ಟ್ರುಲೇಶನ್ ಡಿಫೆಕ್ಟಿವ್ ಎಂಬುದು ಸ್ನೇಕ್ ಅನ್ನು ಕತ್ತರಿಸಿ ಎಚ್ಚರಿಸುತ್ತದೆ. ಸ್ನೇಕ್ ಈಸ್ಟರನ್ನು ಕತ್ತರಿಸುತ್ತದೆ, ಈಸ್ಟರ್ ಷ್ಪೆಟ್ಸ್‌ಲೆಯನ್ನು. ಇವೆಲ್ಲ ಮೊಟ್ಟೆಯ ಸುತ್ತಲೂ ಇದ್ದರೂ ಈಸ್ಟರ್ ಕತ್ತರಿಸಿಕೊಳ್ಳುವುದು ಪೈಪ್ ಗುರುತು ಇರುವ ಹೊಟ್ಟೆಯ ಕಡೆ ಮಾತ್ರ. ಕತ್ತರಿಸಿದ ಷ್ಪೆಟ್ಸ್‌ಲೆಯೇ ಸಂಕೇತ, ಅದನ್ನು ಹಿಡಿಯುವ ರಿಸೆಪ್ಟರ್ ಟೋಲ್. ಚುರುಕಾದ ಈಸ್ಟರ್ ಪಕ್ಕಕ್ಕೆ ಹರಿದು ಎಲ್ಲೆಡೆ ಹೊಟ್ಟೆ ಮಾಡದಂತೆ ಸರ್ಪಿನ್27ಎ ಎಂಬ ತಡೆ ಪ್ರೋಟೀನು ಅದನ್ನು ಅಲ್ಲಲ್ಲೇ ಕಟ್ಟಿಹಾಕುತ್ತದೆ. ಅದಿಲ್ಲದ ಭ್ರೂಣದಲ್ಲಿ ಹೊಟ್ಟೆಯ ಗುಣ ಬೆನ್ನಿನವರೆಗೂ ಹಬ್ಬುತ್ತದೆ.

ಟೋಲ್ ರಿಸೆಪ್ಟರ್ ಭ್ರೂಣದ ಮೇಲ್ಮೈ ತುಂಬ ಸಮನಾಗಿದೆ. ಹಾಗಿದ್ದೂ ಅದು ದಿಕ್ಕು ಹೇಳುತ್ತದೆಂಬುದನ್ನು ಕ್ಯಾಥರಿನ್ ಆಂಡರ್ಸನ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಪ್ರಯೋಗ ಚೆನ್ನಾಗಿ ಬಿಡಿಸಿಡುತ್ತದೆ. ಟೋಲ್ ಇಲ್ಲದ ಭ್ರೂಣಕ್ಕೆ ಸಹಜ ಭ್ರೂಣದ ಸೈಟೋಪ್ಲಾಸಂ ಚುಚ್ಚಿದರೆ, ಚುಚ್ಚಿದ ಜಾಗವೇ ಹೊಟ್ಟೆಯಾಗುತ್ತದೆ, ಅದು ಬೆನ್ನಿನ ಕಡೆಯಾದರೂ ಸರಿ. ರಿಸೆಪ್ಟರ್ ಎಲ್ಲೂ ಇಲ್ಲದಾಗ ಕತ್ತರಿಸಿದ ಷ್ಪೆಟ್ಸ್‌ಲೆಯನ್ನು ಹಿಡಿಯುವವರಿಲ್ಲ, ಅದು ದ್ರವದಲ್ಲೆಲ್ಲ ಹರಡಿಕೊಳ್ಳುತ್ತದೆ. ಎಲ್ಲಿ ಟೋಲ್ ಸಿಕ್ಕಿತೋ ಅಲ್ಲಿ ಅಂಟುತ್ತದೆ. ಸಹಜ ಭ್ರೂಣದಲ್ಲಿ ಟೋಲ್ ತುಂಬ ಇರುವುದರಿಂದ ಹುಟ್ಟಿದ ಜಾಗದಲ್ಲೇ ಸಂಕೇತ ಸಿಕ್ಕಿಬೀಳುತ್ತದೆ. ರಿಸೆಪ್ಟರ್ ಸಂಕೇತವನ್ನು ಕೇಳುವುದಷ್ಟೇ ಅಲ್ಲ, ಅದು ಓಡಿಹೋಗದಂತೆ ಹಿಡಿದಿಡುತ್ತದೆ ಕೂಡ. ಈ ಎರಡನೇ ಕೆಲಸವನ್ನು ಪರೀಕ್ಷೆಯ ಉತ್ತರಗಳಲ್ಲಿ ಬರೆಯುವವರು ಕಡಿಮೆ. ಬರೆಯಿರಿ.

ಮೊಟ್ಟೆಯ ಎರಡು ತುದಿಗಳಲ್ಲೂ ಇದೇ ಉಪಾಯ. ಅಲ್ಲಿನ ಫಾಲಿಕಲ್ ಕೋಶಗಳು ಟಾರ್ಸೊ-ಲೈಕ್ ಎಂಬ ಪ್ರೋಟೀನನ್ನು ಪೊರೆಯಲ್ಲಿ ಬಿಟ್ಟುಹೋಗುತ್ತವೆ. ಅದರ ನೆರವಿನಿಂದ ಟ್ರಂಕ್ ಎಂಬ ಲೈಗ್ಯಾಂಡ್ ತುದಿಗಳಲ್ಲಿ ಮಾತ್ರ ಚುರುಕಾಗಿ, ಮೇಲ್ಮೈ ತುಂಬ ಇರುವ ಟಾರ್ಸೊ ರಿಸೆಪ್ಟರನ್ನು ತಟ್ಟುತ್ತದೆ. ಒಳಗೆ ರಾಸ್-ಮ್ಯಾಪ್‌ಕೈನೇಸ್ ಎಂಬ, ಸಂಕೇತ ದಾಟಿಸುವ ಪ್ರೋಟೀನುಗಳ ಸರಣಿ ಓಡಿ, ಕ್ಯಾಪಿಕುವಾ ಎಂಬ ತಡೆಯನ್ನು ತೆಗೆಯುತ್ತದೆ. ಆಗ ಟೈಲ್‌ಲೆಸ್ ಮತ್ತು ಹಕೆಬೈನ್ ಜೀನುಗಳು ತೆರೆದುಕೊಳ್ಳುತ್ತವೆ. ಟಾರ್ಸೊ ಕೆಟ್ಟರೆ ತಲೆಯ ತೀರಾ ಮುಂತುದಿ ಮತ್ತು ಏಳನೇ ಉದರ ಖಂಡದ ಹಿಂದಿನದೆಲ್ಲ ಇಲ್ಲವಾಗುತ್ತದೆ.

ಟೋಲ್ ತಟ್ಟಿದ ಮೇಲೆ ಒಳಗೆ ನಡೆಯುವುದನ್ನು ಬೇಗ ಹೇಳುತ್ತೇನೆ. ಟ್ಯೂಬ್ ಮತ್ತು ಪೆಲ್ಲೆ ಎಂಬ ಪ್ರೋಟೀನುಗಳ ಮೂಲಕ ಸಂಕೇತ ಸಾಗಿ ಕ್ಯಾಕ್ಟಸ್ ಎಂಬ ತಡೆ ಪ್ರೋಟೀನು ನಾಶವಾಗುತ್ತದೆ. ಕ್ಯಾಕ್ಟಸ್ ಕಟ್ಟಿಹಾಕಿದ್ದ ಡಾರ್ಸಲ್ ಪ್ರೋಟೀನು ಬಿಡುಗಡೆಯಾಗಿ ನ್ಯೂಕ್ಲಿಯಸ್ ಒಳಗೆ ಹೋಗುತ್ತದೆ. ಡಾರ್ಸಲ್ ಒಟ್ಟು ಪ್ರಮಾಣ ಎಲ್ಲೆಡೆ ಒಂದೇ, ನ್ಯೂಕ್ಲಿಯಸ್ ಒಳಹೊಕ್ಕ ಪ್ರಮಾಣ ಮಾತ್ರ ಹೊಟ್ಟೆಯಿಂದ ಬೆನ್ನಿಗೆ ಇಳಿಯುತ್ತದೆ. ಬೈಕಾಯ್ಡ್‌ಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಅತಿ ಹೆಚ್ಚು ಇರುವಲ್ಲಿ, ಸುಮಾರು 18 ಕೋಶಗಳ ಅಗಲದಲ್ಲಿ, ಟ್ವಿಸ್ಟ್ ಮತ್ತು ಸ್ನೇಲ್ ಜೀನುಗಳು ತೆರೆದು ಸ್ನಾಯು ಮುಂತಾದವಾಗುವ ಮಧ್ಯಪದರ ಬರುತ್ತದೆ. ಮಧ್ಯಮ ಪ್ರಮಾಣದಲ್ಲಿ ರಾಂಬಾಯ್ಡ್, ಸಾಗ್ ತೆರೆದು ನರ ಅಂಗಾಂಶಕ್ಕೆ ಜಾಗವಾಗುತ್ತದೆ. ಡಾರ್ಸಲ್ ಒಳಹೋಗದ ಬೆನ್ನಿನ ಕಡೆ ಮಾತ್ರ ಡಿಪಿಪಿ ತಯಾರಾಗುತ್ತದೆ.

ಡಿಪಿಪಿ ನಮ್ಮ ಬಿಎಂಪಿ ಗುಂಪಿನ ಸಂಕೇತ. ಇದು ಬೆನ್ನಿನ ಕಡೆ ಅಗಲವಾಗಿ ತಯಾರಾದರೂ ತೀವ್ರ ಸಂಕೇತ ಕಾಣುವುದು ನಟ್ಟನಡುವಿನ ಕಿರಿದಾದ ಪಟ್ಟಿಯಲ್ಲಿ ಮಾತ್ರ. ಕಾರಣ ಸಾಗ್. ಪಕ್ಕಗಳಿಂದ ಬರುವ ಸಾಗ್ ಪ್ರೋಟೀನು ಡಿಪಿಪಿಯನ್ನು ಕಟ್ಟಿಕೊಂಡು, ದೋಣಿ ಜನರನ್ನು ದಾಟಿಸುವ ಹಾಗೆ, ನಡುಬೆನ್ನಿಗೆ ಒಯ್ಯುತ್ತದೆ. ಅಲ್ಲಿ ಟಾಲಾಯ್ಡ್ ಕಿಣ್ವ ಸಾಗನ್ನು ಕತ್ತರಿಸಿ ಡಿಪಿಪಿಯನ್ನು ಇಳಿಸುತ್ತದೆ. ಆದ್ದರಿಂದಲೇ 'ತಡೆ' ಎಂದು ಹೆಸರಾದ ಸಾಗನ್ನು ತೆಗೆದರೆ ನಡುಬೆನ್ನಿನ ತೀವ್ರ ಸಂಕೇತ ಹೆಚ್ಚುವುದಿಲ್ಲ, ಬದಲಿಗೆ ಕುಗ್ಗಿ ಅಗಲವಾಗುತ್ತದೆ. ಡಿಪಿಪಿ ಪ್ರಮಾಣ ಎಷ್ಟು ನಾಜೂಕೆಂದರೆ ಎರಡು ಪ್ರತಿಗಳಲ್ಲಿ ಒಂದು ಹೋದರೂ ಭ್ರೂಣ ಸಾಯುತ್ತದೆ. ಕಶೇರುಕಗಳಲ್ಲಿ ಸಾಗ್‌ನ ಬಂಧುವಾದ ಕಾರ್ಡಿನ್ ಬೆನ್ನಿನ ಕಡೆಯಿಂದಲೂ ಬಿಎಂಪಿ ಹೊಟ್ಟೆಯ ಕಡೆಯಿಂದಲೂ ಕೆಲಸ ಮಾಡುತ್ತವೆ. ನೊಣದ ನರಹುರಿ ಹೊಟ್ಟೆಯ ಕಡೆ, ನಮ್ಮದು ಬೆನ್ನಿನ ಕಡೆ ಇರುವುದಕ್ಕೆ ಈ ತಿರುವುಮುರುವು ಹೊಂದುತ್ತದೆ.

ಬೈಕಾಯ್ಡ್‌ಗೆ ಪಠ್ಯಗಳಲ್ಲಿ ಅಷ್ಟು ಜಾಗ ಸಿಗುವುದಕ್ಕೆ ನನ್ನ ಆಕ್ಷೇಪ ಇನ್ನೊಂದಿದೆ. ಆ ಜೀನು ವಿಕಾಸದಲ್ಲಿ ತಡವಾಗಿ ಬಂದ, ಮನೆನೊಣ-ಹಣ್ಣುನೊಣದಂಥ ನೊಣಗಳ ಸೊತ್ತು. ಸೊಳ್ಳೆಗೂ ಅದಿಲ್ಲ. ಬಿಎಂಪಿ-ಕಾರ್ಡಿನ್ ಜೋಡಿ ಹುಳದಿಂದ ಮನುಷ್ಯರವರೆಗೂ ಇದೆ. ಪ್ರಾಣಿಗಳ ದೇಹಾಕ್ಷದ ಬಗ್ಗೆ ಸಾಮಾನ್ಯ ನಿಯಮ ಕಲಿಯಬೇಕಿದ್ದರೆ ಆ ಜೋಡಿಗೆ ಹೆಚ್ಚು ಹೊತ್ತು ಕೊಡಿ. ಕೋಶಪೊರೆ ಮೂಡಿದ ಮೇಲೆ ಖಂಡಗಳ ಗಡಿಯಲ್ಲಿ ವಿಂಗ್‌ಲೆಸ್ ಮತ್ತು ಹೆಜ್‌ಹಾಗ್ ಸಂಕೇತಗಳು ಅಕ್ಕಪಕ್ಕದ ಕೋಶಗಳ ನಡುವೆ ಓಡಾಡುತ್ತವೆ. ಅದು ಅಕ್ಷ ಬಿದ್ದಾದ ನಂತರದ ಕೆಲಸ, ಇಲ್ಲಿ ಬಿಡಿಸುವುದಿಲ್ಲ.

ಈಗ ನಿಮ್ಮ ಸ್ಲೈಡುಗಳ ವಿಷಯ. ತಪ್ಪು ಸ್ಲೈಡಿನಲ್ಲಿಲ್ಲ, ಕ್ರಾಸಿನಲ್ಲಿದೆ. ಬೈಕಾಯ್ಡ್, ಡಾರ್ಸಲ್, ಗುರ್ಕೆನ್, ಪೈಪ್, ಟೋಲ್, ಟಾರ್ಸೊ, ಇವೆಲ್ಲ ತಾಯಿಯ ಜೀನುಗಳು. ಭ್ರೂಣದ ರೂಪ ನಿರ್ಧರಿಸುವುದು ತಾಯಿಯ ಜೀನೋಟೈಪ್, ಭ್ರೂಣದ್ದಲ್ಲ. ಬೈಕಾಯ್ಡ್/ಟಿಎಂ3 (ಒಂದು ಕ್ರೋಮೋಸೋಮಿನಲ್ಲಿ ಕೆಟ್ಟ ಬೈಕಾಯ್ಡ್, ಅದರ ಜೋಡಿ ಟಿಎಂ3 ಎಂಬ ಬ್ಯಾಲೆನ್ಸರ್, ಅಂದರೆ ಕೆಟ್ಟ ಪ್ರತಿಯನ್ನು ಸ್ಟಾಕಿನಲ್ಲಿ ಉಳಿಸಿಕೊಳ್ಳಲು ಬಳಸುವ ಗುರುತುಳ್ಳ ಕ್ರೋಮೋಸೋಮು) ಗಂಡು-ಹೆಣ್ಣು ಕೂಡಿಸಿದರೆ ಕಾಲುಭಾಗ ಭ್ರೂಣಗಳು ಎರಡೂ ಪ್ರತಿ ಕೆಟ್ಟವೇ ಆಗಿರುತ್ತವೆ. ಆದರೆ ತಾಯಿಯಲ್ಲಿ ಒಂದು ಒಳ್ಳೆಯ ಪ್ರತಿ ಇದ್ದುದರಿಂದ ಅವು ಸಹಜವಾಗಿಯೇ ಬೆಳೆಯುತ್ತವೆ. ಆ ಕ್ರಾಸಿನಲ್ಲಿ ಸಾಯುವ ಕಾಲುಭಾಗ ಟಿಎಂ3/ಟಿಎಂ3. ಅದನ್ನು ಬೈಕಾಯ್ಡ್ ಎಂದು ಎಣಿಸಿ ವರದಿ ಬರೆಯುವುದು ತರಗತಿಗಳಲ್ಲಿ ಪದೇಪದೇ ಆಗುವ ತಪ್ಪು.

ಇನ್ನೊಂದು ತಲೆಮಾರು ಕಾಯಬೇಕು. ಬೈಕಾಯ್ಡ್ ಮೂರನೇ ಕ್ರೋಮೋಸೋಮಿನಲ್ಲಿದೆ. ಟಿಎಂ3ಯಲ್ಲಿ ಸ್ಟಬಲ್ ಗುರುತಿದ್ದರೆ, ಬೆನ್ನಿನ ಬಿರುಗೂದಲು ಗಿಡ್ಡವಾಗಿರದ, ಉದ್ದವಾಗಿರುವ ಹೆಣ್ಣುಗಳನ್ನು ಆರಿಸಿ. ಡಾರ್ಸಲ್ ಎರಡನೇ ಕ್ರೋಮೋಸೋಮಿನದು. ಸಿವೈಒ ಬ್ಯಾಲೆನ್ಸರಿನಿಂದ ರೆಕ್ಕೆ ಮೇಲಕ್ಕೆ ಸುರುಳಿಯಾಗಿರುತ್ತದೆ, ನಿಮಗೆ ಬೇಕಾದ್ದು ನೇರ ರೆಕ್ಕೆಯ ಹೆಣ್ಣು. ಇವಕ್ಕೆ ಸಹಜ ಗಂಡುಗಳನ್ನು ಕೊಡಿ. ತಂದೆಯ ಜೀನೋಟೈಪ್ ಇಲ್ಲಿ ಲೆಕ್ಕಕ್ಕಿಲ್ಲ, ಆದ್ದರಿಂದ ಈ ಹೆಣ್ಣು ಕನ್ಯೆಯೇ ಆಗಿರಬೇಕೆಂದಿಲ್ಲ. ಡಿಪಿಪಿಯಂಥ ಭ್ರೂಣದ್ದೇ ಜೀನಿಗೆ ಮಾತ್ರ ಈ ಸಡಿಲ ನಡೆಯದು. ಬ್ಯಾಲೆನ್ಸರ್ ಇಲ್ಲದ ಹೆಣ್ಣು ಸ್ಟಾಕಿನಲ್ಲಿ ಹುಟ್ಟುತ್ತಲೇ ಇಲ್ಲವೆಂದರೆ ಹಳೆಯ ಸ್ಟಾಕಿನ ಆ ಕ್ರೋಮೋಸೋಮಿನಲ್ಲಿ ಬೇರೆ ಮಾರಕ ಮ್ಯುಟೇಶನ್ ಸೇರಿಕೊಂಡಿದೆ. ಆಗ ಅದೇ ಜೀನಿನ ಬೇರೆ ಮೂಲದ ಅಲೀಲ್ (ಕೆಟ್ಟ ರೂಪ) ಇರುವ ಸ್ಟಾಕಿನೊಂದಿಗೆ ಕೂಡಿಸಿ, ಎರಡೂ ಅಲೀಲ್ ಇರುವ ಹೆಣ್ಣು ಪಡೆಯಿರಿ. ಹೋಲಿಕೆಗೆ ಬೇಕಾದ ಸಹಜ ತಳಿಗೆ ಮೈಸೂರು ವಿಶ್ವವಿದ್ಯಾನಿಲಯದ ಡ್ರೊಸೊಫಿಲಾ ಸ್ಟಾಕ್ ಸೆಂಟರನ್ನು ವಿಚಾರಿಸಬಹುದು.

ಮೊಟ್ಟೆ ಇಡಿಸಲು ಸೇಬಿನ ರಸದ ಅಗರ್ ತಟ್ಟೆ ಸಾಕು. ಒಂದು ಲೀಟರಿಗೆ 700 ಮಿ.ಲೀ. ನೀರಿನಲ್ಲಿ 25ರಿಂದ 30 ಗ್ರಾಂ ಅಗರ್ ಕುದಿಸಿ, 30 ಗ್ರಾಂ ಸಕ್ಕರೆ ಕರಗಿಸಿದ 300 ಮಿ.ಲೀ. ರಸ ಬೆರೆಸಿ. 60 ಡಿಗ್ರಿಗೆ ಇಳಿದ ಮೇಲೆ 20 ಮಿ.ಲೀ. ಎಥನಾಲಿನಲ್ಲಿ ಕರಗಿಸಿದ 2 ಗ್ರಾಂ ಮೀಥೈಲ್ ಪ್ಯಾರಬೆನ್ ಸೇರಿಸಿ. ತಟ್ಟೆಯ ನಡುವೆ ಬಟಾಣಿಯಷ್ಟು ಯೀಸ್ಟ್ ಪೇಸ್ಟ್ ಇಡಿ. ನೊಣಗಳು 3ರಿಂದ 5 ದಿನದವಾಗಿರಲಿ. ಮೊದಲ ಒಂದು ಗಂಟೆಯ ತಟ್ಟೆ ಎಸೆಯಿರಿ, ಹೆಣ್ಣುಗಳು ಒಳಗೇ ಹಿಡಿದಿಟ್ಟ ಹಳೆಯ ಭ್ರೂಣಗಳು ಅದರಲ್ಲಿರುತ್ತವೆ. ಆಮೇಲೆ ರಾತ್ರಿಯಿಡೀ ಇಡಿಸಿ, ತಟ್ಟೆಯನ್ನು 25 ಡಿಗ್ರಿಯಲ್ಲಿ ಇನ್ನೂ 24ರಿಂದ 36 ಗಂಟೆ ಬಿಡಿ. ಬದುಕಿದವು ಒಡೆದು ಯೀಸ್ಟಿನ ಕಡೆ ತೆವಳಿಹೋಗುತ್ತವೆ, ಉಳಿದ ಮೊಟ್ಟೆಗಳೇ ನಿಮಗೆ ಬೇಕಾದವು. ಅವಸರಪಟ್ಟು 12 ಗಂಟೆಗೇ ತೆಗೆದರೆ ಕ್ಯೂಟಿಕಲ್ ಇನ್ನೂ ಕಟ್ಟಿರುವುದಿಲ್ಲ, ಖಾಲಿ ಚೀಲ ಕಾಣುತ್ತದೆ.

ಶೇ. 4-5ರ ಸೋಡಿಯಂ ಹೈಪೋಕ್ಲೋರೈಟನ್ನು (ಬ್ಲೀಚ್) ಸಮಪಾಲು ನೀರಿನಲ್ಲಿ ಬೆರೆಸಿ ಮೊಟ್ಟೆಗಳನ್ನು 2-3 ನಿಮಿಷ ಅದ್ದಿ. ಮೊಟ್ಟೆಯ ಮುಂದಿನ ತುದಿಯ ಎರಡು ಉಸಿರುಕಡ್ಡಿಗಳು ಮಾಯವಾದರೆ ಹೊರಚಿಪ್ಪು ಕರಗಿದೆ. ಬಾಟಲಿ ತೆರೆದು ತಿಂಗಳುಗಟ್ಟಲೆ ಇಟ್ಟ ದ್ರಾವಣಕ್ಕೆ ಶಕ್ತಿ ಇರುವುದಿಲ್ಲ. ಚಿಪ್ಪು ಉಳಿದರೆ ಮುಂದಿನ ಹಂತದಲ್ಲಿ ಹೆಪ್ಟೇನ್ ಒಳಗಿಳಿಯದು. ಚೆನ್ನಾಗಿ ತೊಳೆದು, 1.5 ಮಿ.ಲೀ. ಟ್ಯೂಬಿನಲ್ಲಿ ಅರ್ಧರ್ಧ ಮಿ.ಲೀ. ಹೆಪ್ಟೇನ್, ಮೀಥನಾಲ್ ಹಾಕಿ ಒಂದು ನಿಮಿಷ ಜೋರಾಗಿ ಕುಲುಕಿ. ವಿಟೆಲಿನ್ ಪೊರೆ ಕಳಚಿದವು ತಳಕ್ಕೆ ಇಳಿಯುತ್ತವೆ. ನಡುವಿನ ಗಡಿಯಲ್ಲಿ ತೇಲುವವನ್ನು ಬಿಡಿ. ಮೀಥನಾಲಿನಲ್ಲಿ ಎರಡು-ಮೂರು ಸಲ, ಶೇ. 0.1 ಟ್ರೈಟಾನ್ ಬೆರೆತ ನೀರಿನಲ್ಲಿ ಒಮ್ಮೆ ತೊಳೆಯಿರಿ. ಹೆಪ್ಟೇನ್, ಮೀಥನಾಲ್ ಎರಡೂ ಹೊತ್ತಿಕೊಳ್ಳುವಂಥವು, ಮೀಥನಾಲ್ ವಿಷವೂ ಹೌದು. ಆವಿ ಹೀರುವ ಹೂಡ್ ಒಳಗೇ ಕೆಲಸ ಮಾಡಿ, ಹತ್ತಿರ ಬರ್ನರ್ ಬೇಡ.

ಹಳೆಯ ವಿಧಾನದ ಹೋಯರ್ ಮಾಧ್ಯಮದಲ್ಲಿ ಕ್ಲೋರಲ್ ಹೈಡ್ರೇಟ್ ಇರುತ್ತದೆ, ಅದು ಸುಲಭವಾಗಿ ಸಿಗುವುದಿಲ್ಲ. ಬದಲಿಗೆ 9 ಪಾಲು ಲ್ಯಾಕ್ಟಿಕ್ ಆಮ್ಲಕ್ಕೆ 1 ಪಾಲು ಎಥನಾಲ್ ಬೆರೆಸಿ ಮೌಂಟ್ ಮಾಡಿ, ಕವರ್‌ಸ್ಲಿಪ್ ಮೇಲೆ ಸಣ್ಣ ತೂಕವಿಟ್ಟು 60-65 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಒಳಗಿನ ಅಂಗಾಂಶ ಕರಗಿ ಕ್ಯೂಟಿಕಲ್ ಉಳಿಯುತ್ತದೆ. ಡಾರ್ಕ್‌ಫೀಲ್ಡ್ ಅಥವಾ ಫೇಸ್ ಕಾಂಟ್ರಾಸ್ಟಿನಲ್ಲಿ 10x, 20x ಸಾಕು. ಮಾಮೂಲಿ ಬೆಳಕಿನಲ್ಲಿ ನೋಡಿ 'ಏನೂ ಇಲ್ಲ' ಎನ್ನುವವರು ಕಂಡೆನ್ಸರ್ ಇಳಿಸಿ ಇನ್ನೊಮ್ಮೆ ನೋಡಲಿ.

ಸಹಜ ಲಾರ್ವಾದ ಹೊಟ್ಟೆಯ ಮೇಲೆ ದಪ್ಪ ಮುಳ್ಳುಸಾಲಿನ 8 ಪಟ್ಟಿಗಳು, ಅವುಗಳ ಮುಂದೆ ಎದೆಯ 3 ತೆಳು ಪಟ್ಟಿಗಳು, ಮುಂದಿನ ತುದಿಯಲ್ಲಿ ಬಾಯಿಯ ಗಟ್ಟಿ ಕಪ್ಪು ಚೌಕಟ್ಟು, ಹಿಂದೆ ಉಸಿರುನಾಳದ ಕೊನೆಯಲ್ಲಿ ಫಿಲ್ಟ್ಸ್‌ಕ್ಯೋರ್ಪರ್ ಎಂಬ ಜೋಡಿ ರಚನೆ ಕಾಣಬೇಕು. ಬೈಕಾಯ್ಡ್ ಕೆಟ್ಟ ತಾಯಿಯ ಮರಿಯಲ್ಲಿ ತಲೆ, ಎದೆ ಎರಡೂ ಇಲ್ಲ, ಮುಂದೆಯೂ ಬಾಲದ ರಚನೆ. ನ್ಯಾನೋಸ್ (ಉದರವನ್ನು ರೂಪಿಸುವ ತಾಯಿಯ ಜೀನು) ಕೆಟ್ಟ ತಾಯಿಯದರಲ್ಲಿ ಉದರದ ಪಟ್ಟಿಗಳಿಲ್ಲ. ಡಾರ್ಸಲ್ ಕೆಟ್ಟ ತಾಯಿಯದರಲ್ಲಿ ಮುಳ್ಳುಪಟ್ಟಿಯೇ ಇಲ್ಲದ, ಸುತ್ತಲೂ ಬೆನ್ನಿನ ನವಿರು ಕೂದಲಿರುವ, ತಿರುಚಿದ ಕೊಳವೆ. ಈ ಕೊಳವೆಯನ್ನು 'ಬೆಳೆಯದ ಮೊಟ್ಟೆ' ಎಂದು ಬದಿಗಿಡಬೇಡಿ. ಫಲಿತವಾಗದ ಮೊಟ್ಟೆ ಬಿಳಿಯಾಗಿಯೇ ಉಳಿಯುತ್ತದೆ, ಬೆಳೆದು ಸತ್ತದ್ದು ಕಂದುಬಣ್ಣಕ್ಕೆ ತಿರುಗುತ್ತದೆ. ತಟ್ಟೆಯ ಮೇಲೆ ಇರುವಾಗಲೇ ಎರಡನ್ನೂ ಬೇರೆಬೇರೆ ಎಣಿಸಿಟ್ಟುಕೊಳ್ಳಿ, ಬ್ಲೀಚ್ ಆದಮೇಲೆ ಆ ಲೆಕ್ಕ ಸಿಗದು.

ಹೂಡ್, ಹೆಪ್ಟೇನ್ ಇಲ್ಲದ ಕಾಲೇಜಿನಲ್ಲಿ ಕೋಶಸಂಕೇತವನ್ನು ಕಣ್ಣಾರೆ ತೋರಿಸಬೇಕಿದ್ದರೆ ಗುರ್ಕೆನ್ ಅಥವಾ ಕೆ10 ಎಂಬ ಜೀನು ಕೆಟ್ಟ ಹೆಣ್ಣುಗಳ ಮೊಟ್ಟೆಯ ಚಿಪ್ಪು ಸಾಕು, ಬ್ಲೀಚ್ ಮಾಡಬಾರದು ಅಷ್ಟೇ. ಸ್ಲೈಡಿನ ಮೇಲೆ ನೀರಹನಿಯಲ್ಲಿಟ್ಟು ಸ್ಟೀರಿಯೋ ಮೈಕ್ರೋಸ್ಕೋಪಿನಲ್ಲಿ ನೋಡಿ. ಸಹಜ ಮೊಟ್ಟೆಯ ಬೆನ್ನಿನ ಮುಂತುದಿಯಲ್ಲಿ ಎರಡು ಉಸಿರುಕಡ್ಡಿಗಳಿರುತ್ತವೆ. ಗುರ್ಕೆನ್ ಸಂಕೇತ ಕುಗ್ಗಿದರೆ ಎರಡೂ ಸೇರಿ ಒಂದಾಗುತ್ತವೆ, ಪೂರ್ತಿ ಹೋದರೆ ಕಡ್ಡಿಯೇ ಇಲ್ಲ. ಕೆ10ರಲ್ಲಿ ಗುರ್ಕೆನ್ ಆರ್‌ಎನ್‌ಎ ಬೆನ್ನಿನ ಮೂಲೆಯಲ್ಲಿ ನಿಲ್ಲದೆ ಮುಂತುದಿಯ ಸುತ್ತ ಹರಡುವುದರಿಂದ ಕಡ್ಡಿಯ ವಸ್ತು ಮೊಟ್ಟೆಯ ಕೊರಳ ಸುತ್ತ ಬಳೆಯಂತೆ ಮೂಡುತ್ತದೆ. ಪ್ರತಿ ತಾಯಿ-ತಳಿಗೆ ಕನಿಷ್ಠ 100 ಮೊಟ್ಟೆಗಳನ್ನು ಎರಡು ಕಡ್ಡಿ, ಒಂದು ಕಡ್ಡಿ, ಕಡ್ಡಿಯಿಲ್ಲ, ಬಳೆ ಎಂದು ನಾಲ್ಕು ಕಾಲಮುಗಳಲ್ಲಿ ಎಣಿಸಿ.